ಹಿಡಿದ ಟ್ರೌಟನ್ನ ನೀರಿಂದ ಎತ್ತಬೇಡಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ಹಿಮಾಚಲದ ತೀರ್ಥನ್ ನದಿಯಲ್ಲಿ ಟ್ರೌಟ್ ಅನ್ನೋ ತಣ್ಣೀರಿನ ಮೀನು ಹಿಡಿಯೋ ಬಗ್ಗೆ ಬಂದ ಲೇಖನ ಓದಿ ಖುಷಿಯಾಯ್ತು, ಆದ್ರೆ ಜೊತೆಗಿದ್ದ ಫೋಟೋ ನೋಡಿ ಹೊಟ್ಟೆ ಚುರ್ ಅಂತು. ಬಿಸಿಲಿಗೆ ಕಾದ ಬಂಡೆ ಮೇಲೆ ಮೀನು ಮಲಗಿಸಿದಾರೆ, ಕೆಳಗೆ 'ನಂತರ ನದಿಗೆ ಬಿಡಲಾಯಿತು' ಅಂತಿದೆ. ಹಾಗೆ ಬಿಟ್ಟ ಮೀನು ಬದುಕೋದು ಕಷ್ಟ ಸಾರ್.

ನಾನು ಬಸವನಗುಡಿಯವನು. ಹೋದ ವರ್ಷ ಸೆಪ್ಟೆಂಬರ್ ಕೊನೇಲಿ ಅದೇ ತೀರ್ಥನ್ ದಡದ ಗುಶೈಣಿ ಹತ್ರ ನಾಲ್ಕು ದಿನ ಇದ್ದೆ, ಮೀನುಗಾರಿಕೆ ಇಲಾಖೆ ಲೈಸೆನ್ಸ್ ತಗೊಂಡೇ ಗಾಳ ಹಾಕಿದ್ದು. ಮಳೆಗಾಲದ ಕೆಸರೆಲ್ಲ ಇಳಿದು ನೀರು ತಿಳಿಯಾಗಿರುತ್ತೆ ಆಗ, ಮೊಣಕಾಲುದ್ದ ನೀರಲ್ಲಿ ಸ್ವಲ್ಪ ಹೊತ್ತು ನಿಂತ್ರೂ ಕಾಲು ಮರಗಟ್ಟುತ್ತೆ. ಟ್ರೌಟು ಹರಿವಿಗೆ ಎದುರು ಮುಖ ಮಾಡ್ಕೊಂಡು ಬಂಡೆ ಮರೇಲಿ ನಿಂತಿರುತ್ತೆ, ನಾವು ಕೆಳಗಿಂದ, ಅದರ ಬೆನ್ನ ಹಿಂದಿಂದ ಹೋಗ್ಬೇಕು. ಹಿಡಿಯೋಕೆ ಬಳಸೋದು ಫ್ಲೈ, ಅಂದ್ರೆ ಗಾಳಕ್ಕೆ ನೂಲು, ಪುಕ್ಕ ಸುತ್ತಿ ಹುಳದ ಥರ ಮಾಡಿರೋದು, ಅದಕ್ಕೆ ತೂಕಾನೇ ಇಲ್ಲ, ದಾರದ ತೂಕದಲ್ಲೇ ಎಸೀಬೇಕು.

ಮೂರನೇ ದಿನ ಒಂದು ಬ್ರೌನ್ ಟ್ರೌಟ್ ಸಿಕ್ತು, ಗೇಣಿಗಿಂತ ಸ್ವಲ್ಪ ಉದ್ದ, ಮೈಮೇಲೆ ಕೆಂಪು ಚುಕ್ಕಿ, ಚುಕ್ಕಿ ಸುತ್ತ ಬಿಳಿ ಉಂಗುರ. ಜೊತೆಗಿದ್ದ ಆ ಊರಿನ ಹುಡುಗ ನೀರಿಂದ ಎತ್ತೋಕೇ ಬಿಡ್ಲಿಲ್ಲ, ಮೊದಲು ಕೈ ಒದ್ದೆ ಮಾಡ್ಕೊಳಿ ಅಂದ. ಗಾಳದ ತುದೀಲಿ ಹಿಮ್ಮುಖವಾಗಿರೋ ಮುಳ್ಳನ್ನ ಬೆಳಿಗ್ಗೇನೇ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಟ್ಟಿದ್ದ, ಸ್ವಲ್ಪ ತಿರುಗಿಸಿದ್ದಕ್ಕೇ ಬಾಯಿಂದ ಕಳಚ್ಕೊಂಡು ಬಂತು. ತಲೆ ಹರಿವಿನ ಕಡೆ ಬರೋ ಹಾಗೆ ಮೆತ್ತಗೆ ಹಿಡ್ಕೊಂಡಿದ್ದ, ಕಿವಿರು ನಾಲ್ಕೈದು ಸಲ ತೆರೆದು ಮುಚ್ಚಿತು, ಆಮೇಲೆ ತಾನಾಗೇ ಬಾಲ ಬಡಿದು ಹೋಯ್ತು.

ಮೀನಿನ ಮೈಮೇಲಿರೋ ಲೋಳೆನೇ ಅದಕ್ಕೆ ರಕ್ಷಣೆ. ಒಣ ಕೈಯಲ್ಲಿ ಹಿಡಿದ್ರೆ, ಬಂಡೆಗೆ ಉಜ್ಜಿದ್ರೆ ಅದು ಕಿತ್ತು ಹೋಗುತ್ತೆ, ಆ ಜಾಗಕ್ಕೆ ಬೂಷ್ಟು ಹಿಡಿಯುತ್ತೆ. ಅದೂ ಸೆಪ್ಟೆಂಬರ್, ಅಕ್ಟೋಬರ್ ಟೈಮಲ್ಲಿ ಹೆಣ್ಣು ಮೀನಿನ ಹೊಟ್ಟೇಲಿ ಮೊಟ್ಟೆ ತುಂಬ್ಕೊಳ್ತಿರುತ್ತೆ, ಚಳಿಗಾಲದಲ್ಲಿ ಇಡೋಕೆ, ಅದಕ್ಕೇ ಅಲ್ಲಿ ನವೆಂಬರಿಂದ ಫೆಬ್ರವರಿ ತನಕ ಟ್ರೌಟ್ ಹಿಡಿಯೋದು ಬಂದ್.

ಬ್ರಿಟಿಷರು ತಂದು ಬಿಟ್ಟ ಮೀನಿಗೆ ಇಷ್ಟೆಲ್ಲಾ ಯಾಕೆ ಅಂತ ಫ್ರೆಂಡ್ಸ್ ಕೇಳ್ತಾರೆ. ನನಗೆ ನಮ್ಮ ಕಾವೇರಿ ಬಿಳಿಮೀನು ನೆನಪಾಗುತ್ತೆ. ಕಿತ್ತಳೆ ಬಣ್ಣದ ರೆಕ್ಕೆ, ಗೂನು ಬೆನ್ನಿನ ಈ ಜಾತಿಯ ಮಹಶೀರ್ ಮೀನು ಕಾವೇರಿ ಮತ್ತೆ ಅದರ ಉಪನದಿಗಳನ್ನ ಬಿಟ್ರೆ ಜಗತ್ತಲ್ಲಿ ಬೇರೆಲ್ಲೂ ಇಲ್ಲ, 2018ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಅದನ್ನ ಅಳಿವಿನ ಕಟ್ಟಕಡೆಯ ಅಂಚಲ್ಲಿರೋ ಜೀವಿಗಳ ಪಟ್ಟಿಗೆ ಸೇರಿಸಿತು. ಮೀನು ಅಂದ್ರೆ ಎತ್ತಿ ಫೋಟೋ ತೆಗೆಯೋ ವಸ್ತು ಅಂತ ತೀರ್ಥನಲ್ಲಿ ಕಲಿತವರು ಕಾವೇರಿ ದಡದಲ್ಲೂ ಅದನ್ನೇ ಮಾಡ್ತಾರೆ.

ದಯವಿಟ್ಟು ಮುಂದಿನ ಸಲ ನೀರಲ್ಲೇ ಇರೋ ಮೀನಿನ ಫೋಟೋ ಹಾಕಿ. ಪಕ್ಕದಲ್ಲಿ ಒದ್ದೆ ಕೈ, ಮುಳ್ಳಿಲ್ಲದ ಗಾಳದ ಬಗ್ಗೆ ನಾಲ್ಕು ಸಾಲು ಇರಲಿ, ಅಕ್ಟೋಬರ್ ಕೊನೆಗೆ ಸೀಸನ್ ಮುಗಿಯುತ್ತೆ ಅಂತಾನೂ ಬರೀರಿ, ದಸರಾ ರಜೆಗೆ ಹೋಗೋಕೆ ನಮ್ಮ ಬೀದೀಲೇ ಇಬ್ಬರು ಟಿಕೆಟ್ ಬುಕ್ ಮಾಡಿ ಕೂತಿದಾರೆ.

ಇಂತಿ,
ನಿಮ್ಮ ಓದುಗ
ಬಸವನಗುಡಿ, ಬೆಂಗಳೂರು