ಸ್ಟೀರಿಂಗ್ ಆಯಿಲ್ ಕಡೆಗೂ ಒಂದು ಕಣ್ಣಿರಲಿ

ಸಂಪಾದಕರೇ,

ಹೋದ ವಾರ ಚಿತ್ರದುರ್ಗದಿಂದ ದಾವಣಗೆರೆಗೆ ಬರುವಾಗ ನಮ್ಮ ಹಳೇ ಕಾರು ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಕುಂಯ್ ಅನ್ನತೊಡಗಿತು. ಬಾನೆಟ್ ಎತ್ತಿ ನೋಡಿದರೆ ಪವರ್ ಸ್ಟೀರಿಂಗ್ ಡಬ್ಬಿಯಲ್ಲಿ ಆಯಿಲ್ ಮಿನ್ (ಕನಿಷ್ಠ ಮಟ್ಟದ) ಗೆರೆಗಿಂತ ಕೆಳಗಿತ್ತು, ಅದೂ ಕಪ್ಪಗೆ.

ದಾರಿಯಲ್ಲಿ ಸಿಕ್ಕ ಗ್ಯಾರೇಜಿನ ಹುಡುಗ ಬ್ರೇಕ್ ಆಯಿಲ್ ಬಾಟಲಿ ಹಿಡಿದು ಬಂದು 'ಎಲ್ಲಾ ಒಂದೇ ಸಾರ್' ಅಂದ. ಒಂದೇ ಅಲ್ಲ! ಬ್ರೇಕ್ ಆಯಿಲ್ ಬಿದ್ದರೆ ಒಳಗಿನ ರಬ್ಬರ್ ಸೀಲುಗಳು ಹಾಳಾಗುತ್ತವೆ, ಆಮೇಲೆ ಖರ್ಚು ಸಾವಿರಗಳಲ್ಲಿ. ಯಾವುದು ಹಾಕಬೇಕು ಅಂತ ಗಾಡಿಯ ಪುಸ್ತಕದಲ್ಲೇ ಇರುತ್ತದೆ, ಕೆಲವಕ್ಕೆ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಆಯಿಲ್), ಕೆಲವಕ್ಕೆ ಬೇರೆ.

ನೋಡುವುದೇನು ಕಷ್ಟವಲ್ಲ. ಗಾಡಿ ಸಮತಟ್ಟಾದ ಕಡೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಮುಚ್ಚಳದ ಸುತ್ತಲಿನ ಧೂಳು ಒರೆಸಿಯೇ ತೆಗೆಯಿರಿ (ನಮ್ಮ ಕಡೆ ಧೂಳು ಗೊತ್ತಲ್ವಾ). ಬಿಸಿಯಾದಾಗ ಆಯಿಲ್ ಹಿಗ್ಗುವುದರಿಂದ ಹಾಟ್, ಕೋಲ್ಡ್ ಅಂತ ಎರಡು ಗೆರೆ ಇರಬಹುದು. ಸ್ವಲ್ಪ ಸ್ವಲ್ಪವೇ ಹಾಕಿ, ಜಾಸ್ತಿಯಾಗಬಾರದು. ಇದು ಪೆಟ್ರೋಲಿನ ಹಾಗೆ ಸುಮ್ನೆ ಖರ್ಚಾಗುವುದಿಲ್ಲ, ಮತ್ತೆ ಮತ್ತೆ ಇಳಿದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಎಲೆಕ್ಟ್ರಿಕ್ ಸ್ಟೀರಿಂಗ್ ಇರುವ ಹೊಸ ಕಾರುಗಳಲ್ಲಿ ಸಾಮಾನ್ಯವಾಗಿ ಈ ಡಬ್ಬಿಯೇ ಇರುವುದಿಲ್ಲ, ಹುಡುಕಬೇಡಿ.

ಇಂಥ ಸಣ್ಣ ವಿಷಯಗಳಿಗೆ ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಒಂದಿಷ್ಟು ಜಾಗ ಕೊಡಿ.

– ಓದುಗ, ದಾವಣಗೆರೆ