ಹತ್ತು ಗ್ರಾಂ ಕಾಫಿ ಬೀಜದ ಲೆಕ್ಕ

ಮಾನ್ಯ ಸಂಪಾದಕರೇ,

ನಮ್ಮ ಕಡೆ ಕೊಯ್ಲು ಶುರುವಾದರೆ ಜನ ಪೇಪರಿನಲ್ಲಿ ಮೊದಲು ನೋಡುವುದು ಕಾಫಿ ರೇಟು. ಮುಖಪುಟ ಆಮೇಲೆ. ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಎಷ್ಟು, ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು) ಎಷ್ಟು, ಮೆಣಸು ಎಷ್ಟು. 2024ರ ಏಪ್ರಿಲ್‌ನಲ್ಲಿ ರೊಬಸ್ಟಾ ಚೆರ್ರಿ 50 ಕೆಜಿ ಚೀಲಕ್ಕೆ 10,000 ರೂಪಾಯಿ ಮುಟ್ಟಿದಾಗ ಗೋಣಿಕೊಪ್ಪದ ಸಂತೆಯಲ್ಲಿ ಬೇರೆ ಮಾತೇ ಇರಲಿಲ್ಲ. ಆದರೆ ಆ ರೇಟಿನ ಜೊತೆ ಇನ್ನೊಂದು ನಂಬರ್ ಇದೆ. ಬೆಳೆಗಾರನ ಕೈಗೆ ನಿಜವಾಗಿ ಎಷ್ಟು ಬರುತ್ತದೆ ಅನ್ನುವುದು ಅದರ ಮೇಲೆ ನಿಂತಿದೆ. ಅದು ಔಟ್‌ಟರ್ನ್. ನಾವೆಲ್ಲ ಓಟಿ ಅನ್ನುತ್ತೇವೆ. ಆ ನಂಬರ್ ಬರೆಯುವ ಕೆಲಸವನ್ನು ನಾನು ದಕ್ಷಿಣ ಕೊಡಗಿನ ಒಂದು ಕಾಫಿ ಮಂಡಿಯಲ್ಲಿ 14 ವರ್ಷ ಮಾಡಿದ್ದೇನೆ. ಅದರ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ, ಈಗ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಒಣಗಿದ ಚೆರ್ರಿ ಚೀಲ ಬರುತ್ತದೆ. ಅದರಲ್ಲಿ ಸಿಪ್ಪೆಯೂ ಇದೆ, ಬೀಜವೂ ಇದೆ. ವ್ಯಾಪಾರಿಗೆ ಬೇಕಾದ್ದು ಬೀಜ. 50 ಕೆಜಿ ಚೀಲದಲ್ಲಿ ಎಷ್ಟು ಕೆಜಿ ಬೀಜ ಸಿಗುತ್ತದೋ ಅದೇ ಓಟಿ. ಅದನ್ನು ತಿಳಿಯಲು ಚೀಲಗಳಿಗೆ ಕಬ್ಬಿಣದ ಕೊಳವೆ ಚುಚ್ಚಿ ಸ್ಯಾಂಪಲ್ ತೆಗೆಯುತ್ತೇವೆ. ಎಲ್ಲವನ್ನೂ ಒಂದು ತಟ್ಟೆಗೆ ಸುರಿದು, ಕಲಸಿ, 500 ಗ್ರಾಂ ತೂಗಿ, ಮೇಜಿನ ಮೇಲಿನ ಸಣ್ಣ ಹಲ್ಲರ್‌ಗೆ ಹಾಕುತ್ತೇವೆ. ಸಿಪ್ಪೆ ಹಾರಿ ಹೋಗುತ್ತದೆ, ಬೀಜ ಉಳಿಯುತ್ತದೆ. ಬೀಜ 270 ಗ್ರಾಂ ಬಂದರೆ ಓಟಿ 27. ಅಷ್ಟೇ. ಆಮೇಲೆ ಮಾಯಿಶ್ಚರ್, ಅಂದರೆ ತೇವಾಂಶ, ನೋಡುತ್ತೇವೆ. ರೊಬಸ್ಟಾ ಚೆರ್ರಿಗೆ ಕಾಫಿ ಬೋರ್ಡ್ ಹೇಳುವುದು 11 ಪರ್ಸೆಂಟ್. ಕಪ್ಪು ಬೀಜ, ಒಡೆದ ಬೀಜ, ಕಾಯಿಕೊರಕ ತಿಂದ ಬೀಜ ಎಷ್ಟಿದೆ ಅಂತ ಆರಿಸಿ ತೂಗುತ್ತೇವೆ.

ಈಗ ಲೆಕ್ಕ ನೋಡಿ. 500 ಗ್ರಾಂ ಸ್ಯಾಂಪಲ್‌ನಲ್ಲಿ ಹತ್ತು ಗ್ರಾಂ ಬೀಜ ಕಡಿಮೆ ಬಂದರೆ ಓಟಿ ಒಂದು ಪಾಯಿಂಟ್ ಇಳಿಯುತ್ತದೆ. ಹತ್ತು ಗ್ರಾಂ ಅಂದರೆ ಅಂಗೈಯ ಗುಳಿಯಲ್ಲಿ ಹಿಡಿಯುವಷ್ಟು. ಹಲ್ಲರ್ ಅನ್ನು ಸರಿಯಾಗಿ ತಟ್ಟದೆ ಬಿಟ್ಟರೆ ಅಷ್ಟು ಬೀಜ ಒಳಗೇ ಸಿಕ್ಕಿಕೊಂಡು ಉಳಿಯುತ್ತದೆ, ನೋಡಿದವರಿಗೆ ಗೊತ್ತೂ ಆಗುವುದಿಲ್ಲ. ಒಂದು ಪಾಯಿಂಟ್ ಇಳಿಯಿತು ಅಂದರೆ ಪ್ರತಿ ಚೀಲಕ್ಕೆ ಒಂದು ಕೆಜಿ ಬೀಜದ ಬೆಲೆ ಹೋಯಿತು. 10,000 ರೇಟಿದ್ದಾಗ, ಓಟಿ 27ರ ಲೆಕ್ಕದಲ್ಲಿ, ಅದು ಚೀಲಕ್ಕೆ ಹತ್ತಿರ ಹತ್ತಿರ 370 ರೂಪಾಯಿ. ನೂರು ಚೀಲ ತಂದವನಿಗೆ 37,000. ತಕ್ಕಡಿಗೆ ಕೈ ಹಾಕುವುದೇ ಬೇಡ. ಎಲೆಕ್ಟ್ರಾನಿಕ್ ತಕ್ಕಡಿಗಾದರೆ ಮಾಪನ ಇಲಾಖೆಯವರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿ ಮುದ್ರೆ ಹಾಕಬೇಕು ಅಂತ ಕಾನೂನಿದೆ. ಕೊಳವೆಯನ್ನು ಚೀಲದ ಯಾವ ಮೂಲೆಗೆ ಚುಚ್ಚುತ್ತೇವೆ, ಹಲ್ಲರ್ ಅನ್ನು ಎಷ್ಟು ಸಲ ತಟ್ಟುತ್ತೇವೆ, 27.4 ಅನ್ನು 27 ಅಂತ ಬರೆಯುತ್ತೇವೋ ಇಲ್ಲವೋ, ಇದಕ್ಕೆಲ್ಲ ಯಾವ ಮುದ್ರೆ ಹಾಕುತ್ತಾರೆ? ಅದು ಅಲ್ಲಿ ನಿಂತಿರುವ ಮನುಷ್ಯನಿಗೆ ಬಿಟ್ಟದ್ದು.

ಆ ಮನುಷ್ಯ ನಾನಾಗಿದ್ದೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷವೇ ಮಾಲೀಕರು ಹೇಳಿದ್ದರು, ಸ್ವಲ್ಪ ನೋಡಿಕೊಂಡು ಬರಿ ಅಂತ. ಕಡಿಮೆ ಬರಿ ಅಂತ ಅವರು ಬಾಯಿಬಿಟ್ಟು ಯಾವತ್ತೂ ಹೇಳಲಿಲ್ಲ. ನೋಡಿಕೊಂಡು ಬರಿ ಅಂದರೆ ಏನು ಅಂತ ನನಗೆ ಅರ್ಥವಾಗಿತ್ತು. ಮೊದಲು ದಶಮಾಂಶ ಚುಕ್ಕೆಯ ಆಚೆಗಿನದ್ದನ್ನು ಬಿಟ್ಟೆ. ಆಮೇಲೆ ಅರ್ಧ ಪಾಯಿಂಟ್. ಎಲ್ಲರಿಗೂ ಅಲ್ಲ. ದೊಡ್ಡ ತೋಟದವರು ತೋಟದ ಲೆಕ್ಕ ಬರೆಯುವ ತಮ್ಮ ರೈಟರ್ ಅನ್ನು ಜೊತೆಗೆ ಕಳಿಸುತ್ತಿದ್ದರು, ಅವರು ಮೇಜಿನ ಪಕ್ಕ ನಿಂತು ಗ್ರಾಂ ಗ್ರಾಂ ನೋಡುತ್ತಿದ್ದರು. ಅವರ ಓಟಿ ಸರಿಯಾಗಿಯೇ ಇರುತ್ತಿತ್ತು. ಎರಡು ಎಕರೆ, ಮೂರು ಎಕರೆಯವರು ಬೆಳಗ್ಗೆ ಜೀಪಿನಲ್ಲಿ ಚೀಲ ಹಾಕಿಸಿಕೊಂಡು ಬಂದು, ಬ್ಯಾಂಕಿಗೂ ಹೋಗಬೇಕು ಸಂತೆಗೂ ಹೋಗಬೇಕು ಅಂತ ಅವಸರದಲ್ಲಿರುತ್ತಿದ್ದರು. ನೀವೇ ನೋಡಿ ಬರೆಯಿರಿ ಅಣ್ಣಾ ಅಂತ ಹೇಳಿ ಹೋಗುತ್ತಿದ್ದರು. ಕಡಿಮೆ ಬಿದ್ದದ್ದು ಅವರಿಗೆ. ನಂಬಿದವರಿಗೇ ಮೋಸ ಆಯಿತು. ಇದನ್ನು ಬರೆಯುವಾಗ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಯಾಕೆ ಮಾಡಿದೆ ಅಂತ ಕೇಳಬಹುದು. ಮಗನ ಫೀಸು ಇತ್ತು. ಮನೆ ಕಟ್ಟುವಾಗ ಮಾಲೀಕರು ಕೈಸಾಲ ಕೊಟ್ಟಿದ್ದರು. ನನ್ನ ಹೆಂಡತಿಗೆ ಆಪರೇಷನ್ ಆದಾಗ ಮೈಸೂರಿಗೆ ತಮ್ಮದೇ ಕಾರು ಕಳಿಸಿದ್ದರು. ಅಂಥವರ ಬಗ್ಗೆ ಹೊರಗೆ ಮಾತಾಡುವುದು ಉಂಡ ಮನೆಯ ಜಂತೆ ಎಣಿಸಿದ ಹಾಗೆ ಅಂತ ಅನ್ನಿಸುತ್ತಿತ್ತು. ಅವರು ಕೆಟ್ಟವರಾಗಿದ್ದರೆ ನನಗೆ ಸುಲಭ ಇತ್ತು, ಬಿಟ್ಟು ಬರುತ್ತಿದ್ದೆ. ಕೆಲಸದ ಜಾಗದಲ್ಲಿ ತಪ್ಪು ಮಾಡಿಸುವವರು ಬಹಳ ಸಲ ನಮಗೆ ಒಳ್ಳೆಯದು ಮಾಡಿದವರೇ ಆಗಿರುತ್ತಾರೆ, ಅಲ್ವಾ? ಕಷ್ಟ ಇರುವುದೇ ಅಲ್ಲಿ.

ಒಂದು ಜನವರಿಯಲ್ಲಿ ಅಕಾಲ ಮಳೆ ಬಂತು. ಕಣದಲ್ಲಿ ಹರಡಿದ್ದ ಕಾಫಿ ಎಷ್ಟೋ ಜನರದ್ದು ನೆನೆಯಿತು. ಆ ವರ್ಷ ಒಬ್ಬರು ಅಕ್ಕ 62 ಚೀಲ ತಂದರು. ಗಂಡ ತೀರಿಕೊಂಡು ಎರಡು ವರ್ಷ ಆಗಿತ್ತು. ರಾತ್ರಿ ಹೊತ್ತು ಮಕ್ಕಳನ್ನು ಎಬ್ಬಿಸಿ ಟಾರ್ಪಾಲು ಎಳೆದು, ಬೆಳಗ್ಗೆ ಮತ್ತೆ ಹರಡಿ, ಅಷ್ಟು ಕಷ್ಟಪಟ್ಟು ಒಣಗಿಸಿದ ಕಾಫಿ. ಚೆರ್ರಿ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುತ್ತಿತ್ತು. ಮಾಯಿಶ್ಚರ್ ಸರಿಯಾಗಿತ್ತು. ಹಲ್ಲರ್‌ನಿಂದ ಬಂದ ಬೀಜ 274 ಗ್ರಾಂ. ಓಟಿ 27.4 ಬರೆಯಬೇಕಿತ್ತು. ನಾನು 26.5 ಬರೆದೆ. ಮಳೆ ಬಿದ್ದ ವರ್ಷ, ಕಡಿಮೆ ಅಂದರೂ ಯಾರೂ ಕೇಳುವುದಿಲ್ಲ ಅಂತ ಗೊತ್ತಿತ್ತು. ಅವರು ಪುಸ್ತಕ ನೋಡಿ, ಮಳೆಯಲ್ಲಿ ಇಷ್ಟಾದರೂ ಬಂತಲ್ಲ ಅಂತ ಹೇಳಿ ಹೋದರು. 62 ಚೀಲಕ್ಕೆ ಸುಮಾರು 56 ಕೆಜಿ ಬೀಜ. ಆಗಿನ ಬೆಲೆಗೆ 7,000 ರೂಪಾಯಿ ಮೇಲೆ.

ಅದಾದ ಮೇಲೆ ನಾನು ಮಾಲೀಕರ ಹತ್ತಿರ ಮಾತಾಡಿದೆ. ಅವರು ಸಿಟ್ಟು ಮಾಡಲಿಲ್ಲ. ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನವರು ನಮಗೂ ಕಡಿತ ಹಾಕುತ್ತಾರೆ, ಲಾರಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ರೇಟು ಬಿದ್ದಿರುತ್ತದೆ, ಮಳೆಗಾಲದಲ್ಲಿ ಅಡ್ವಾನ್ಸ್ ಕೊಟ್ಟ ದುಡ್ಡಿಗೆ ಬಡ್ಡಿ ಯಾರು ಕೊಡುತ್ತಾರೆ ಅಂದರು. ಅದೆಲ್ಲ ಸುಳ್ಳಲ್ಲ. ವ್ಯಾಪಾರದಲ್ಲಿ ಅವರಿಗೂ ಏಟು ಬಿದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಾಗಾದರೆ ರೇಟು ಕಡಿಮೆ ಹೇಳೋಣ, ಓಟಿ ಸರಿ ಬರೆಯೋಣ ಅಂದೆ. ರೇಟು ಕಡಿಮೆ ಹೇಳಿದರೆ ಪಕ್ಕದ ಮಂಡಿಗೆ ಹೋಗುತ್ತಾರೆ ಅಂದರು. ಆಮೇಲೆ ಒಂದು ಮಾತು ಹೇಳಿದರು: ನೀನು ಬರೆಯುವುದು ನನ್ನ ಪುಸ್ತಕದಲ್ಲಿ, ನಿನ್ನ ಪುಸ್ತಕದಲ್ಲಿ ಅಲ್ಲ.

ಆ ಮಾತನ್ನು ನಾನು ಬಹಳ ದಿನ ಯೋಚನೆ ಮಾಡಿದೆ. ಪುಸ್ತಕ ಅವರದ್ದು, ಒಪ್ಪುತ್ತೇನೆ. ಆದರೆ ಅಕ್ಷರ ನನ್ನದು. ನಾನು ಅವರ ಕೆಲಸದವನು ಹೌದು. ಆದರೆ ಓಟಿ ನೋಡುವ ಹೊತ್ತಿಗೆ ಆ ಕಾಫಿ ಇನ್ನೂ ಅವರದ್ದಾಗಿಲ್ಲ, ಬೆಳೆಗಾರನದ್ದೇ. ಇಬ್ಬರ ನಡುವೆ ನಿಂತು ಅಳೆಯುವವನು ಸಂಬಳ ಯಾರ ಹತ್ತಿರ ತೆಗೆದುಕೊಂಡರೂ ಅಳತೆ ಇಬ್ಬರಿಗೂ ಒಂದೇ ಇರಬೇಕು. ರೇಟು ಕಡಿಮೆ ಹೇಳುವುದು ವ್ಯಾಪಾರ. ಬೇಡ ಅನ್ನಿಸಿದರೆ ಬೆಳೆಗಾರ ಬೇರೆ ಕಡೆ ಹೋಗಬಹುದು. ಓಟಿ ಕಡಿಮೆ ಬರೆದರೆ ಹಾಗೆ ಹೋಗಲು ಅವನಿಗೆ ದಾರಿಯೇ ಇಲ್ಲ, ಯಾಕೆಂದರೆ ಅವನಿಗೆ ಗೊತ್ತೇ ಆಗುವುದಿಲ್ಲ. ಇದನ್ನು ಕಳ್ಳತನ ಅಂತ ಕರೆಯಲು ನನಗೆ ವರ್ಷಗಟ್ಟಲೆ ಬೇಕಾಯಿತು.

ಬೆಳೆಗಾರರೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಚೀಲದ ಮೇಲೆ ಒಣಗಿದ್ದು, ನಡುವೆ ಹಸಿ ಕಾಫಿ ತುಂಬಿ ತಂದವರಿದ್ದಾರೆ. ತೂಕ ಬರಲಿ ಅಂತ ನೀರು ಚಿಮುಕಿಸಿದವರೂ ಇದ್ದಾರೆ. ನನ್ನ ಸ್ವಂತ ಭಾವನೇ ಒಂದು ಸಲ 14 ಪರ್ಸೆಂಟ್ ಮಾಯಿಶ್ಚರ್ ಇರುವ ಕಾಫಿ ತಂದು, ನಮ್ಮವನೇ ಇದ್ದಾನಲ್ಲ ಅಂತ ಧೈರ್ಯವಾಗಿ ಕುಳಿತಿದ್ದ. ಇದ್ದದ್ದನ್ನು ಇದ್ದ ಹಾಗೆ ಬರೆದೆ. ಹಸಿ ಕಾಫಿ ಗೋಡೌನಿನಲ್ಲಿ ಬಿಸಿಯಾಗಿ ಬೂಸ್ಟು ಹಿಡಿಯುತ್ತದೆ, ಪಕ್ಕದ ಚೀಲವನ್ನೂ ಕೆಡಿಸುತ್ತದೆ, ಬೂಸ್ಟಿನಿಂದ ಬರುವ ವಿಷದ ಅಂಶ ಜಾಸ್ತಿ ಇದ್ದರೆ ಹೊರದೇಶದವರು ಕಾಫಿಯನ್ನೇ ವಾಪಸ್ ಕಳಿಸುತ್ತಾರೆ. ಭಾವ ಎರಡು ವರ್ಷ ಮಾತು ಬಿಟ್ಟ. ಹುತ್ತರಿಗೂ ಕರೆಯಲಿಲ್ಲ. ಅವತ್ತು ಸರಿ ಬರೆದ ಕೈಯೇ 62 ಚೀಲ ತಂದ ಆ ಅಕ್ಕನಿಗೆ ತಪ್ಪು ಬರೆದದ್ದು. ಭಾವನ ವಿಷಯದಲ್ಲಿ ಮಾಲೀಕರ ದುಡ್ಡು ಉಳಿಯುತ್ತಿತ್ತು, ಆದ್ದರಿಂದ ಸತ್ಯ ಹೇಳಲು ನನಗೆ ಹೆದರಿಕೆ ಇರಲಿಲ್ಲ. ಅದನ್ನೂ ಒಪ್ಪಿಕೊಳ್ಳಬೇಕು.

ಕೆಲಸ ಬಿಟ್ಟು ಈಗ ಮೂರು ವರ್ಷ. ಕೈಸಾಲ ತೀರಿಸಿಯೇ ಬಿಟ್ಟೆ. ಬಿಟ್ಟ ವರ್ಷ ಆ ಅಕ್ಕನ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಹಳೆಯ ಪುಸ್ತಕ ತಂದರು. ಕೂಲಿ, ಗೊಬ್ಬರ, ಮೆಣಸಿನ ದುಡ್ಡು, ಎಲ್ಲ ಅವರದೇ ಅಕ್ಷರದಲ್ಲಿ ಬರೆದಿಟ್ಟ ಪುಸ್ತಕ. ಹಾಳೆ ತಿರುಗಿಸಿ, 26.5 ಅಂತ ಬರೆದಿದ್ದ ಕಡೆ ಬೆರಳಿಟ್ಟು, ಸರಿ ಎಷ್ಟು ಅಂತ ಕೇಳಿದರು. 27.4 ಅಂದೆ. ಅದನ್ನು ಹೊಡೆದುಹಾಕಿ ಮೇಲೆ 27.4 ಬರೆದರು. ಆ ವರ್ಷ ಮಗಳ ಕಾಲೇಜಿಗೆ ಸಂಘದಲ್ಲಿ ಸಾಲ ತೆಗೆದಿದ್ದೆ ಅಂದರು. ನಾನು ತಂದಿದ್ದ ದುಡ್ಡು ಎಣಿಸಿ ತೆಗೆದುಕೊಂಡರು. ಕ್ಷಮಿಸಿದೆ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಉಳಿದವರೆಲ್ಲರ ಹೆಸರು, ಚೀಲ, ಪಾಯಿಂಟ್ ನನಗೆ ನೆನಪಿಲ್ಲ. ನೆನಪಿರುವ ಇನ್ನು ಕೆಲವರ ಮನೆಗೂ ಹೋಗಿದ್ದೇನೆ, ಹೋಗುತ್ತಿದ್ದೇನೆ.

ನಮ್ಮಪ್ಪನ ಕಾಲದಲ್ಲಿ ಕಾಫಿಯನ್ನು ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟು ಸೇರಿಸಿ ಬೋರ್ಡೇ ಮಾರುವ ವ್ಯವಸ್ಥೆಗೆ ಕೊಡಬೇಕಿತ್ತು, ದುಡ್ಡು ಕಂತು ಕಂತಾಗಿ ವರ್ಷಗಟ್ಟಲೆ ಬರುತ್ತಿತ್ತು. 1990ರ ದಶಕದಲ್ಲಿ ಅದು ಹೋಗಿ, 1996ರ ಹೊತ್ತಿಗೆ ಪೂರ್ತಿ ಮುಕ್ತ ಮಾರಾಟ ಬಂತು. ಕೈಗೆ ತಕ್ಷಣ ದುಡ್ಡು ಬಂತು, ಒಳ್ಳೆಯದಾಯಿತು. ಆದರೆ ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬೆಳೆಯುವ ಈ ಜಿಲ್ಲೆಯಲ್ಲಿ ಸಣ್ಣ ಬೆಳೆಗಾರನ ವರ್ಷದ ದುಡಿಮೆ ಇವತ್ತು ಊರಿನ ಮಂಡಿಯ ಒಂದು ಮೇಜಿನ ಮೇಲೆ, ಒಬ್ಬ ಸಂಬಳದವನ ಕೈಯಲ್ಲಿ ತೀರ್ಮಾನ ಆಗುತ್ತದೆ. ಸರಿಯಾಗಿ ಬರೆಯುವ ಮಂಡಿಗಳೂ ಇವೆ, ನನಗೆ ಗೊತ್ತು. ಅಂಥವರಿಗೆ ನಾನು ಕೇಳುತ್ತಿರುವುದರಿಂದ ಯಾವ ನಷ್ಟವೂ ಇಲ್ಲ.

ನಾನು ಕೇಳುವುದು ಜಾಸ್ತಿ ಏನಲ್ಲ. ಓಟಿಯನ್ನು ಬೆಳೆಗಾರನ ಕಣ್ಣೆದುರೇ ನೋಡಬೇಕು. ಚೀಟಿಯಲ್ಲಿ ಬರೀ ಓಟಿ ಬರೆದು ಕೊಡಬಾರದು, ಎಷ್ಟು ಗ್ರಾಂ ಹಾಕಿದೆ, ಎಷ್ಟು ಗ್ರಾಂ ಬೀಜ ಬಂತು, ಮಾಯಿಶ್ಚರ್ ಎಷ್ಟು, ಕಪ್ಪು ಬೀಜ ಎಷ್ಟು, ನೋಡಿದವನು ಯಾರು, ಎಲ್ಲ ಇರಬೇಕು. ಸಹಿ ಹಾಕಬೇಕು ಅಂದಾಗ ಕೈ ತಾನಾಗಿಯೇ ಸ್ವಲ್ಪ ತಡೆಯುತ್ತದೆ, ನನ್ನ ಅನುಭವದಿಂದ ಹೇಳುತ್ತಿದ್ದೇನೆ. ಅದೇ ಸ್ಯಾಂಪಲ್‌ನ ಇನ್ನೊಂದು 500 ಗ್ರಾಂ ಅನ್ನು ಕವರಿಗೆ ಹಾಕಿ ಬೆಳೆಗಾರನಿಗೆ ಕೊಟ್ಟರೆ ಅವನು ಬೇರೆ ಕಡೆ ನೋಡಿಸಬಹುದು. ಬೇರೆ ಕಡೆ ಎಲ್ಲಿ ಅಂದರೆ, ನಮ್ಮ ಊರೂರಿನ ಸಹಕಾರ ಸಂಘಗಳಲ್ಲಿ. ಗೊಬ್ಬರ ಮಾರುವ, ಸಾಲ ಕೊಡುವ ಸಂಘ ಒಂದು ಸಣ್ಣ ಹಲ್ಲರ್, ಒಂದು ಮಾಯಿಶ್ಚರ್ ಮೀಟರ್ ಇಡಲಾರದೇ? ಬೆಳೆಗಾರರ ಸಂಘದವರು ರೇಟಿನ ಬಗ್ಗೆ, ಆನೆ ಕಾಟದ ಬಗ್ಗೆ ಮನವಿ ಕೊಡುತ್ತಾರೆ. ಸರಿ, ಕೊಡಲಿ. ಇದಕ್ಕೂ ಒಂದು ಮನವಿ ಕೊಡಲಿ. ನಿಮ್ಮ ಪತ್ರಿಕೆಯೂ ದಿನದ ರೇಟಿನ ಕೆಳಗೆ ಓಟಿ ಲೆಕ್ಕ ಹಾಕುವ ರೀತಿಯನ್ನು ಕೊಯ್ಲಿನ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಹಾಕಿದರೆ ಬಹಳ ಉಪಕಾರ ಆಗುತ್ತದೆ.

ಇವತ್ತು ಆ ಮೇಜಿನ ಹಿಂದೆ ನಿಂತಿರುವ ಹುಡುಗರಿಗೂ ಒಂದು ಮಾತು. ನಿಮ್ಮ ಕಷ್ಟ ನನಗೆ ಗೊತ್ತು. ನಾಳೆಯೇ ಕೆಲಸ ಬಿಡಿ ಅಂತ ನಾನು ಹೇಳುವುದಿಲ್ಲ, ಸುಮ್ನೆ ಹಾಗೆ ಹೇಳುವುದು ಸುಲಭ, ಮನೆ ನಡೆಸುವವರು ನೀವು. ಆದರೆ ಮೊದಲ ಸಲ ನೋಡಿಕೊಂಡು ಬರಿ ಅಂದಾಗಲೇ ಎಷ್ಟು ಬರೆಯಲಿ ಅಂತ ವಾಪಸ್ ಕೇಳಿ. ಅವರ ಬಾಯಿಂದಲೇ ನಂಬರ್ ಬರಲಿ. ನಾನು ಕೇಳಲಿಲ್ಲ, ಅರ್ಥ ಮಾಡಿಕೊಂಡೆ. ಹಾಗಾಗಿ ಪೂರ್ತಿ ಹೊರೆ ನನ್ನ ಮೇಲೇ ಉಳಿಯಿತು.

ನನಗೆ ಈಗ ಎರಡೂವರೆ ಎಕರೆ ತೋಟ ಇದೆ. ಹೋದ ವರ್ಷ ಒಂದು ಹಳೆಯ ಹಲ್ಲರ್ ತಂದು ರಿಪೇರಿ ಮಾಡಿಸಿ ಮನೆಯ ಜಗಲಿಯಲ್ಲಿ ಇಟ್ಟಿದ್ದೇನೆ, ಗ್ರಾಂ ತೂಗುವ ತಕ್ಕಡಿಯೂ ಇದೆ. ನಮ್ಮ ಊರಿನವರು ಮಂಡಿಗೆ ಹೋಗುವ ಮೊದಲು ಅರ್ಧ ಕೆಜಿ ಚೆರ್ರಿ ತಂದು ಓಟಿ ನೋಡಿಕೊಂಡು ಹೋಗುತ್ತಾರೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ತಂದವರ ಕೈಯಲ್ಲೇ ಹಲ್ಲರ್ ತಟ್ಟಿಸುತ್ತೇನೆ, ಒಳಗೆ ಒಂದು ಬೀಜವೂ ಉಳಿಯಬಾರದು ಅಂತ. ಈ ಜನವರಿಯಲ್ಲೂ ಇಡುತ್ತೇನೆ.

ಇಂತಿ,
ಒಬ್ಬ ಸಣ್ಣ ಬೆಳೆಗಾರ
ಪೊನ್ನಂಪೇಟೆ ತಾಲ್ಲೂಕು, ಕೊಡಗು