ಅಪ್ಪ, ಕೊನೆ ಕೊಯ್ಲಿಗೆ ಕಾಯಬೇಡಿ

ಸಾಸ್ಕಟೂನ್, ನವೆಂಬರ್ 23

ಅಪ್ಪನಿಗೆ, ಅಮ್ಮನಿಗೆ ನಮಸ್ಕಾರಗಳು. ನಾನು ಆರಾಮಾಗಿದ್ದೇನೆ.

ಪುಟ್ಟಿ ಮೊನ್ನೆ ಎಲ್ಲ ಬರೆದು ಕಳಿಸಿದಳು. ಅವಳಿಗೆ ಬೈಯಬೇಡಿ. ತೋಟದಿಂದ ಮೇಲೆ ಹತ್ತುವಾಗ ಎರಡು ಸಲ ಕೂತಿರಂತೆ, ಎದೆ ಹಿಡಿದ ಹಾಗಾಯಿತಂತೆ. ಶಿವಮೊಗ್ಗದ ಡಾಕ್ಟರು ಆಂಜಿಯೋಗ್ರಾಮ್ ಮಾಡಿಸಿ ಅಂದರೆ, ನೀವು ‘ಅಡಿಕೆ ಕೊನೆ ಕೊಯ್ಲು ಮುಗೀಲಿ’ ಅಂದಿರಂತೆ. ಫೋನಿನಲ್ಲಿ ಕೇಳಿದರೆ ‘ಎಲ್ಲ ಸರಿ ಇದೆ, ತಗೋ ಅಮ್ಮನ ಹತ್ರ ಮಾತಾಡು’ ಅಂತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಪುಟ್ಟಿ, ಇದನ್ನು ಪೇಟೆಯಲ್ಲಿ ಪ್ರಿಂಟ್ ತೆಗೆಸಿ ಅಪ್ಪನ ಕೈಗೇ ಕೊಡು.

ಹೋದ ವಾರ ಕೇಳಿದಿರಲ್ಲ, ‘ಮ್ಯಾಪಿನಲ್ಲಿ ನೋಡಿದರೆ ನಿನ್ನ ಊರಿನ ಸುತ್ತ ಬರೀ ಖಾಲಿ, ಎಲ್ಲರ ಹಾಗೆ ಟೊರೊಂಟೊಗೆ ಹೋಗಬಾರದಾ’ ಅಂತ. ಖಾಲಿ ಇರೋದು ನಿಜ. ಕೆನಡಾದ ಈ ಸಸ್ಕಾಚೆವಾನ್ ಪ್ರಾಂತ್ಯ ಕರ್ನಾಟಕದ ಮೂರು ಪಟ್ಟಿಗಿಂತ ದೊಡ್ಡದು. ಆದರೆ 2021ರ ಜನಗಣತಿಯಲ್ಲಿ ಇದ್ದವರು 11 ಲಕ್ಷ ಚಿಲ್ಲರೆ. ಅದರಲ್ಲಿ 2.66 ಲಕ್ಷ ಜನ ಸಾಸ್ಕಟೂನಿನಲ್ಲಿ, 2.26 ಲಕ್ಷ ರಾಜಧಾನಿ ರಿಜೈನಾದಲ್ಲಿ. ಮೂರನೆಯ ಊರು ಪ್ರಿನ್ಸ್ ಆಲ್ಬರ್ಟ್. ಅಲ್ಲಿ 38 ಸಾವಿರವೂ ಇಲ್ಲ.

ಆದರೂ ನನ್ನ ಊರು ಚೆನ್ನಾಗಿದೆ ಅಪ್ಪ. ನಡುವೆಯೇ ದೊಡ್ಡ ಹೊಳೆ. ಸೇತುವೆಗಳ ಊರು ಅಂತಲೇ ಇದಕ್ಕೆ ಹೆಸರು. ಈಗ ದಡದ ಕಡೆ ನೀರು ಹೆಪ್ಪುಗಟ್ಟಿದೆ. ನಡುವೆ ಮಾತ್ರ ಕಪ್ಪಗೆ ಹರಿಯುತ್ತದೆ, ಅದರ ಮೇಲೆ ಬೆಳಿಗ್ಗೆ ಬಚ್ಚಲು ಹಂಡೆಯ ಹಾಗೆ ಹಬೆ ಏಳುತ್ತದೆ. ಪ್ರತಿ ಕಾರಿನ ಮೂತಿಯಿಂದ ಒಂದು ವೈರು, ಪ್ಲಗ್ಗು ನೇತಾಡುತ್ತಿರುತ್ತದೆ. ರಾತ್ರಿ ಕರೆಂಟಿಗೆ ಸಿಕ್ಕಿಸಿ ಎಂಜಿನ್ ಬೆಚ್ಚಗಿಡಬೇಕು, ಇಲ್ಲದಿದ್ದರೆ ಬೆಳಿಗ್ಗೆ ಕಾರು ಏಳುವುದೇ ಇಲ್ಲ. ನಾನು ನಾಲ್ಕು ಪದರ ಬಟ್ಟೆ ಹಾಕುತ್ತೇನೆ, ಅಮ್ಮ ಚಿಂತೆ ಮಾಡಬೇಡ. ಊಟಕ್ಕೂ ತೊಂದರೆ ಇಲ್ಲ. ಮಸೂರ್ ಬೇಳೆಯನ್ನು ಇವರೇ ರಾಶಿ ರಾಶಿ ಬೆಳೆದು ನಮ್ಮ ದೇಶಕ್ಕೆ ಕಳಿಸುತ್ತಾರೆ. ಅಡಿಕೆ ಬುಡಕ್ಕೆ ಹಾಕುವ ಕೆಂಪು ಪೊಟ್ಯಾಷ್ ಇದೆಯಲ್ಲ, ಅದರ ಗಣಿಗಳೂ ಈ ಊರಿನ ಸುತ್ತಲೇ ಇವೆ. ಸುಮಾರು ಒಂದು ಕಿಲೋಮೀಟರ್ ಆಳದಿಂದ ತೆಗೆಯುತ್ತಾರೆ.

ರಿಜೈನಾಕ್ಕೆ ಹೋದ ತಿಂಗಳು ಹೋಗಿದ್ದೆ. ಎರಡೂವರೆ ಗಂಟೆ ದಾರಿ, ಒಂದು ಗುಡ್ಡ ಸಿಗಲಿಲ್ಲ. ಆ ಜಾಗಕ್ಕೆ ಮೊದಲಿದ್ದ ಹೆಸರು ಕಾಡೆಮ್ಮೆಗಳ ಮೂಳೆ ರಾಶಿ ಅಂತ. 1882ರಲ್ಲಿ ವಿಕ್ಟೋರಿಯಾ ರಾಣಿಗಾಗಿ ರಿಜೈನಾ ಅಂತ ಇಟ್ಟರು. ಊರಿನ ನಡುವಿನ ಕೆರೆ ಜನ ಮಾಡಿಕೊಂಡಿದ್ದು. 1930ರ ಸುಮಾರಿಗೆ, ಕೆಲಸವಿಲ್ಲದ ಎರಡು ಸಾವಿರ ಜನ ಗುದ್ದಲಿ ಹಿಡಿದು ಅದನ್ನು ಆಳ ಮಾಡಿದರಂತೆ. ನಮ್ಮ ಕೆರೆಯ ಹೂಳೆತ್ತಿಸಿದ್ದು, ನೀವು ಏರಿ ಮೇಲೆ ಕೊಡೆ ಹಿಡಿದು ನಿಂತಿದ್ದು ನೆನಪಾಯಿತು.

ಆ ಕೆರೆ ದಂಡೆಯಲ್ಲೇ ಇವರ ವಿಧಾನಸಭೆ. ಅಲ್ಲಿ ನಿಂತಾಗ ಕೇಳಿದ್ದನ್ನು ನಿಮಗೆ ಹೇಳಲೇಬೇಕು. 1944ರಿಂದ 1961ರವರೆಗೆ ಇಲ್ಲಿ ಟಾಮಿ ಡಗ್ಲಸ್ ಮುಖ್ಯಮಂತ್ರಿ. ಚಿಕ್ಕವರಿದ್ದಾಗ ಮೂಳೆಗೆ ಸೋಂಕಾಗಿ ಅವರ ಕಾಲು ಕತ್ತರಿಸುವ ಹಂತ ಬಂದಿತ್ತು. ಮನೆಯಲ್ಲಿ ದುಡ್ಡಿಲ್ಲ. ಒಬ್ಬ ಸರ್ಜನ್, ತಮ್ಮ ವಿದ್ಯಾರ್ಥಿಗಳು ನೋಡಿ ಕಲಿಯಲಿ ಅಂತ ಬಿಟ್ಟಿಯಾಗಿ ಆಪರೇಷನ್ ಮಾಡಿ ಕಾಲು ಉಳಿಸಿದರು. ದುಡ್ಡಿಲ್ಲ ಅಂತ ಯಾರೂ ಕಾಲು, ಜೀವ ಕಳೆದುಕೊಳ್ಳಬಾರದು ಅಂತ ಅವರು ಹಟ ಹಿಡಿದರು. 1962ರ ಜುಲೈ 1ಕ್ಕೆ ಡಾಕ್ಟರ ಖರ್ಚನ್ನು ಸರ್ಕಾರವೇ ಕೊಡುವ ಯೋಜನೆ ಇಲ್ಲಿ ಜಾರಿಗೆ ಬಂತು. ಡಾಕ್ಟರುಗಳು 23 ದಿನ ಮುಷ್ಕರ ಮಾಡಿದರು, ಆದರೂ ಯೋಜನೆ ಉಳಿಯಿತು. ಆಮೇಲೆ ಇಡೀ ಕೆನಡಾಕ್ಕೇ ಹೋಯಿತು. ನೀವು ಖಾಲಿ ಅಂದ ಪ್ರಾಂತ್ಯದಿಂದ ಅಪ್ಪ!

ಆದರೆ ಇಲ್ಲಿ ಎಷ್ಟೋ ಆಪರೇಷನ್ನಿಗೆ ಸರದಿ ಕಾಯಬೇಕು. ನಿಮಗೆ ಸೋಮವಾರವೇ ಬನ್ನಿ ಅಂದಿದ್ದಾರೆ, ನೀವೇ ಮುಂದೆ ಹಾಕುತ್ತಿದ್ದೀರಿ. ದುಡ್ಡಿನ ಯೋಚನೆ ಇದ್ದರೆ ಬಿಡಿ. ಎರಡು ಲಕ್ಷ ಪುಟ್ಟಿಯ ಖಾತೆಗೆ ಹಾಕಿದ್ದೇನೆ. ಇನ್ನೂ ಬೇಕಾದರೆ ಕಳಿಸುತ್ತೇನೆ, ಸಾಲ ಮಾಡಿದ್ದಲ್ಲ, ನನ್ನ ಉಳಿತಾಯ. ಹಸಿ ಅಡಿಕೆ ಚೇಣಿಗೆ, ಗುತ್ತಿಗೆಗೆ ಕೊಟ್ಟುಬಿಡಿ. ರೇಟು ಸ್ವಲ್ಪ ಕಡಿಮೆ ಸಿಕ್ಕರೆ ಸಿಗಲಿ. ಒಂದು ವರ್ಷ ನಮ್ಮ ಅಂಗಳದಲ್ಲಿ ಅಡಿಕೆ ಒಣಗದಿದ್ದರೆ ಏನೂ ಆಗುವುದಿಲ್ಲ. ನನಗೆ ನೀವು ಬೇಕು. ಡಾಕ್ಟರು ಹೆದರುವಂಥದ್ದೇನಿಲ್ಲ ಅಂದಿದ್ದಾರೆ. ಏನೂ ಆಗಲ್ಲ, ಖಂಡಿತ ಏನೂ ಆಗಲ್ಲ. ಆದರೆ ಹೋಗಿ.

ಭಾವನಿಗೆ ಹೇಳಿದ್ದೇನೆ, ಸೋಮವಾರ ಬೆಳಿಗ್ಗೆ ಏಳಕ್ಕೆ ಕಾರು ತರುತ್ತಾರೆ. ಹೊರಡುವಾಗ ಒಂದು ಮಿಸ್ಡ್ ಕಾಲ್ ಕೊಡಿ. ಇಲ್ಲಿ ಇನ್ನೂ ಭಾನುವಾರ ಸಂಜೆ, ಎದ್ದೇ ಇರುತ್ತೇನೆ. ಅಮ್ಮ, ಹಳೇ ರಿಪೋರ್ಟುಗಳು ದೇವರ ಗೂಡಿನ ಕೆಳಗಿನ ಡ್ರಾಯರಿನಲ್ಲಿವೆ, ಮರೆಯಬೇಡ.

ಬಸ್ಸಿಗೆ ಹೊತ್ತಾಯಿತು. ಉಳಿದಿದ್ದು ಆಮೇಲೆ.

ನಿಮ್ಮ ಮಂಜು